ಎರಡು ರಾತ್ರಿ ಠಾಣೆಯಲ್ಲಿದ್ದ ಮಗ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಬಸ್‌ ಸ್ಟ್ಯಾಂಡಿನಲ್ಲಿ ಯಾರದೋ ಜೇಬಿನಿಂದ ಮೊಬೈಲ್‌ ಕದ್ದನೆಂದು ಹಿಡಿದು, ‘ಬರೀ ವಿಚಾರಣೆ’ ಅಂತ ಎರಡು ರಾತ್ರಿ ಠಾಣೆಯಲ್ಲೇ ಇಟ್ಟುಕೊಂಡರು. ಆಮೇಲೆ ಜಾಮೀನು ಸಿಕ್ಕಿ ಹತ್ತು ದಿನವಾಯಿತು. ಶ್ಯೂರಿಟಿ ಕೊಡುವವರಿಲ್ಲದೆ ಇನ್ನೂ ವೀಕ್ಷಣಾಲಯದಲ್ಲಿ (ಪ್ರಕರಣ ನಡೆಯುವಾಗ ಮಕ್ಕಳನ್ನು ಇರಿಸುವ ಸರ್ಕಾರಿ ವಸತಿಯಲ್ಲಿ) ಇದ್ದಾನೆ. ಇದು ಸರಿಯೇ? ಕಾನೂನು ಬದಲಾಗಬೇಕಲ್ಲವೇ?

ಉತ್ತರ: ಸರಿಯಲ್ಲ, ತಾಯಿ. ಹಿಡಿದ 24 ಗಂಟೆಯೊಳಗೆ ಮಗುವನ್ನು ಬಾಲನ್ಯಾಯ ಮಂಡಳಿಯ (18 ತುಂಬದವರ ಪ್ರಕರಣ ನೋಡುವ ಮಂಡಳಿಯ) ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 10ನೇ ಕಲಂ. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತೆಯೇ ಇಲ್ಲ.

ಮೊದಲು ಮಗನನ್ನು ಮನೆಗೆ ಕರೆತರೋಣ. ಜಾಮೀನಿನ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ, ಷರತ್ತು ಸಡಿಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು. ಇದು 12ನೇ ಕಲಂನಲ್ಲೇ ಇದೆ. ನಿಮ್ಮ ವಿಷಯದಲ್ಲಿ ಆ ಗಡುವು ಮುಗಿದಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಶ್ಯೂರಿಟಿ ಬದಲು ನಿಮ್ಮ ಮುಚ್ಚಳಿಕೆಯ ಮೇಲೆ ಬಿಡಿ ಎಂದು ಅವರ ಮೂಲಕ ಅರ್ಜಿ ಹಾಕಿಸಿ. ವಯಸ್ಸಿನ ತಕರಾರು ಬಂದರೆ ಶಾಲೆಯ ಜನ್ಮ ದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಾಕು. ಅದಿದ್ದಾಗ ಮೂಳೆ ಪರೀಕ್ಷೆಯ ಮಾತೇ ಬರಬಾರದು.

ಇನ್ನು ಕಾನೂನು ಬದಲಾಗಬೇಕೆ? ಆಗಬೇಕು, ಅದೂ ಠಾಣೆಯ ಬಾಗಿಲಲ್ಲಿ. ಮಕ್ಕಳ ಪರ ವಕಾಲತ್ತು ಹಾಕುವ ನಾನು ಒಮ್ಮೆ ನೋಡಿದ ಕಾಗದದಲ್ಲಿ ‘ಬೆಳಿಗ್ಗೆ 6ಕ್ಕೆ ವಶಕ್ಕೆ’ ಎಂದಿತ್ತು. ಆ ಹುಡುಗನ ಅಮ್ಮ ಅದಕ್ಕೂ ಮೊದಲೇ ಎರಡು ಸಂಜೆ ಅದೇ ಠಾಣೆಗೆ ಊಟದ ಡಬ್ಬಿ ಕೊಟ್ಟು ಬಂದಿದ್ದರು. ಕಾನೂನಿನಲ್ಲಿ ಹಿಡಿದ ಹೊತ್ತಿನಿಂದ ಎಂದಿದ್ದರೂ, 24 ಗಂಟೆಯ ಲೆಕ್ಕ ವಾಸ್ತವದಲ್ಲಿ ಶುರುವಾಗುವುದು ಪೊಲೀಸರು ಬರೆದ ಹೊತ್ತಿನಿಂದ. ಆ ಹೊತ್ತೇ ಸುಳ್ಳಾದರೆ ಉಳಿದ ರಕ್ಷಣೆಯೆಲ್ಲ ಕಾಗದದಲ್ಲೇ ಉಳಿಯುತ್ತದೆ. ಮಗುವನ್ನು ಲಾಕಪ್ಪಿಗೆ ಹಾಕಿದವರಿಗೆ ಇಂಥದೇ ಶಿಕ್ಷೆ ಎಂಬ ಪ್ರತ್ಯೇಕ ಕಲಂ ಈ ಕಾಯ್ದೆಯಲ್ಲಿಲ್ಲ. ಅದು ಸೇರಬೇಕು. ಮಗು ಠಾಣೆಯ ಒಳಗೆ ಕಾಲಿಟ್ಟ ಗಳಿಗೆಯೇ ತಂದೆತಾಯಿಗೂ ಮಂಡಳಿಗೂ ಸಮಯ ನಮೂದಾದ ಮೆಸೇಜ್‌ ಹೋಗುವುದು ಕಡ್ಡಾಯವಾಗಬೇಕು. ಗಂಭೀರ ಅಪರಾಧ ಮಾಡಿದ 16–18ರ ಹುಡುಗರ ಬಗ್ಗೆ ಸಂಸತ್ತಿನಲ್ಲೂ ಟಿವಿಯಲ್ಲೂ ಬೇಕಾದಷ್ಟು ಚರ್ಚೆ ನಡೆದಿದೆ. ಮೊಬೈಲ್‌ ಕದ್ದ ಹುಡುಗನ ಆ ಎರಡು ರಾತ್ರಿಗಳನ್ನು ಕೇಳುವವರಿಲ್ಲ. ನನಗೆ ಸಂಕಟವಾಗುವುದು ಅಲ್ಲಿಯೇ.

ಠಾಣೆಗಳಲ್ಲೆಲ್ಲ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್‌ 2020ರಲ್ಲಿ ಆದೇಶಿಸಿದೆ. ನಿಮ್ಮ ಮಗ ಠಾಣೆಯಲ್ಲಿದ್ದ ಆ ಎರಡು ದಿನಗಳ ರೆಕಾರ್ಡಿಂಗ್‌ ಅಳಿಸದಂತೆ ಸೂಚಿಸಿ ಎಂದು, ಮುಚ್ಚಳಿಕೆಯ ಅರ್ಜಿ ಹಾಕುವ ದಿನವೇ ಮಂಡಳಿಗೆ ಇನ್ನೊಂದು ಅರ್ಜಿ ಕೊಡಿ. ತಡಮಾಡಬೇಡಿ, ಹಳೆಯ ರೆಕಾರ್ಡಿಂಗ್‌ ತಾನಾಗಿಯೇ ಅಳಿಸಿಹೋಗಬಹುದು.