ಮಹಾರಾಷ್ಟ್ರದ ಜತ್ತ ಕಡೆಯ 17ರ ಹುಡುಗ ಕೊಲ್ಹಾಪುರದ ತಾಲೀಮಿಗೆ (ಕುಸ್ತಿ ಗರಡಿಗೆ) ಸೇರಿ ಕುಸ್ತಿಯಿಂದಲೇ ಬದುಕಬಹುದೆ? ಹಣದ ಅಪಾಯಗಳೇನು?

ಬದುಕಬಹುದು, ಆದರೆ ಮೊದಲ ನಾಲ್ಕೈದು ವರ್ಷ ಮನೆಯವರೇ ಸಾಕಬೇಕು. ದೊಡ್ಡ ಖರ್ಚು ಖುರಾಕು, ಅಂದರೆ ಪೈಲ್ವಾನನ ಆಹಾರ. ದಿನಕ್ಕೆ 3 ಲೀಟರ್ ಹಾಲು, ಬಾದಾಮಿ ಮತ್ತು ತುಪ್ಪ ತಲಾ 100 ಗ್ರಾಂ ಎನ್ನಿ. ಹಾಲು ಲೀಟರಿಗೆ 60, ಬಾದಾಮಿ ಕಿಲೋಗೆ 800, ತುಪ್ಪ 650 ರೂಪಾಯಿ ಹಿಡಿದರೆ ಇವಿಷ್ಟಕ್ಕೇ ದಿನಕ್ಕೆ 325, ತಿಂಗಳಿಗೆ ಹತ್ತು ಸಾವಿರದ ಹತ್ತಿರ. ಮೊಟ್ಟೆ, ಮಟನ್ನು ಬೇರೆ. ಮನೆಯಲ್ಲಿ ಎಮ್ಮೆ ಇದ್ದರೂ ಹಾಲು ಪುಕ್ಕಟೆಯಲ್ಲ, ಡೇರಿಗೆ ಹೋಗಬೇಕಿದ್ದ ಹಾಲದು.

ಗಳಿಕೆಯೋ ಜಾತ್ರೆಯ ಹಂಗಾಮಿನದು. ಮಳೆಗಾಲದಲ್ಲಿ ಮೈದಾನ ಬಂದ್, ಖುರಾಕು ಬಂದ್ ಆಗದು. ಕುಸ್ತಿ ಬರಾಬರಿಯಾದರೆ, ಅಂದರೆ ಯಾರೂ ಗೆಲ್ಲದಿದ್ದರೆ, ಕೂಗಿದ ಇನಾಮು ಪೂರ್ತಿ ಕೈಗೆ ಬರುವುದೂ ಅಪರೂಪ.

ಮೊಣಕಾಲಿನ ಲಿಗಮೆಂಟ್ ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ಆರರಿಂದ ಒಂಬತ್ತು ತಿಂಗಳು ಕಣಕ್ಕಿಳಿಯುವಂತಿಲ್ಲ. ಒಂದು ಇಡೀ ಹಂಗಾಮು ಹೋಯಿತು. ವಿಮೆ ಇದೆಯಲ್ಲ ಎಂದು ನೆಚ್ಚಬೇಡಿ. ವೃತ್ತಿಪರ ಕ್ರೀಡೆಯಲ್ಲಾದ ಗಾಯವನ್ನು ಹಲವು ಪಾಲಿಸಿಗಳು ಹೊರಗಿಟ್ಟಿರುತ್ತವೆ, ಆ ಕಲಮನ್ನು ಓದಿಯೇ ಸಹಿ ಹಾಕಿ.

ಎಲ್ಲರೂ ಎಡವುವುದು ಮಣ್ಣು–ಮ್ಯಾಟಿನ ಲೆಕ್ಕದಲ್ಲಿ. ಜಾತ್ರೆಯ ಕುಸ್ತಿ ಮಣ್ಣಿನ ಮೇಲೆ, ಮಾನ್ಯ ಸ್ಪರ್ಧೆಗಳು ಹೆಚ್ಚಾಗಿ ಮ್ಯಾಟಿನ ಮೇಲೆ. ಮಹಾರಾಷ್ಟ್ರದಲ್ಲಿ ಸರ್ಕಾರಿ ನೌಕರಿಗೆ 5% ಕ್ರೀಡಾ ಮೀಸಲಾತಿ ಇದೆ, ಆದರೆ ಅದಕ್ಕೆ ಬೇಕಿರುವುದು ಮಾನ್ಯ ಸ್ಪರ್ಧೆಯ ಪ್ರಮಾಣಪತ್ರ. ಜಾತ್ರೆಯ ಬೆಳ್ಳಿ ಗದೆಗೆ ಅಲ್ಲಿ ಬೆಲೆಯಿಲ್ಲ. ಹಾಗಾಗಿ ಮ್ಯಾಟೂ ಇರುವ ತಾಲೀಮನ್ನೇ ಹುಡುಕಿ, ಹನ್ನೆರಡನೆಯ ತರಗತಿ ಬಿಡಿಸಬೇಡಿ. ಬಹಳಷ್ಟು ನೌಕರಿಗೆ ಆ ಮಾರ್ಕ್ಸ್‌ಕಾರ್ಡೂ ಬೇಕು.