‘ಸ್ಟಾರ್ ವಾರ್ಸ್ ರೆಬೆಲ್ಸ್’ ಅನಿಮೇಷನ್ ಸರಣಿಯ ಎರಡನೇ ಸೀಸನ್‌ನ ಕೊನೆಯಲ್ಲಿ ಅಸೋಕಾ ತಪ್ಪಿಸಿಕೊಳ್ಳದೆ ಉಳಿದದ್ದು ಏಕೆ?

ಗೆಲ್ಲುವುದಕ್ಕಲ್ಲ, ಈಗ ಖಳನಾಯಕ ಡಾರ್ತ್ ವೇಡರ್ ಆಗಿರುವ ತನ್ನ ಗುರು ಅನಾಕಿನ್‌ನನ್ನು ಮತ್ತೊಮ್ಮೆ ಬಿಟ್ಟುಹೋಗಬಾರದು ಎಂಬ ಹಟಕ್ಕೆ. ಹಿಂದೆ ಜೆಡೈ ಯೋಧರ ಪಂಗಡವನ್ನು ತೊರೆದಾಗ ಅವಳು ಅನಾಕಿನ್‌ನಿಂದಲೂ ದೂರವಾಗಿದ್ದಳು. 2016ರ ಮಾರ್ಚ್‌ನಲ್ಲಿ ಪ್ರಸಾರವಾದ ಈ ಕಂತಿನಲ್ಲಿ ಅವಳ ಏಟಿಗೆ ಡಾರ್ತ್ ವೇಡರ್‌ನ ಮುಖವಾಡ ಒಂದು ಬದಿಯಲ್ಲಿ ಸೀಳಿ, ಒಳಗಿನ ಕಣ್ಣು ಕಾಣುತ್ತದೆ. ಆಗ ಅವನು ಅವಳ ಹೆಸರು ಹಿಡಿದು ಕರೆಯುವ ದನಿಯನ್ನು ಗಮನಿಸಿ: ಜೇಮ್ಸ್ ಅರ್ಲ್ ಜೋನ್ಸ್ ಅವರ ಗಡಸು ಕಂಠದೊಳಗೆ, ಅನಾಕಿನ್‌ಗೆ ದನಿ ಕೊಟ್ಟಿದ್ದ ಮ್ಯಾಟ್ ಲ್ಯಾಂಟರ್ ಅವರ ಕಂಠವೂ ಬೆರೆತಿದೆ. ಆ ಕ್ಷಣದಲ್ಲೇ ಅವಳು ನಿರ್ಧರಿಸುತ್ತಾಳೆ. ಓಡಿಬಂದ ಜೊತೆಗಾರ, ಎಳೆಯ ಜೆಡೈ ಎಜ್ರಾನನ್ನು ಹೊರಕ್ಕೆ ತಳ್ಳಿ, ಕಾಳಗ ನಡೆಯುತ್ತಿದ್ದ, ಈಗ ಮುಚ್ಚಿಕೊಳ್ಳುತ್ತಿರುವ ದೇಗುಲದೊಳಗೆ ಉಳಿಯುತ್ತಾಳೆ. ಅವಳು ಬದುಕಿದಳೇ ಎಂಬುದಕ್ಕೆ ನಾಲ್ಕನೇ ಸೀಸನ್‌ನಲ್ಲಿ ಉತ್ತರವಿದೆ.