ಆರೋಗ್ಯ ವ್ಯವಸ್ಥೆಯ ಹೊಣೆ ಯಾರದ್ದು: ದೆಹಲಿಯದ್ದೋ, ಬೆಂಗಳೂರಿನದ್ದೋ, ಪಂಚಾಯಿತಿಯದ್ದೋ?

ತೀರ್ಥಹಳ್ಳಿ ಕಡೆಯ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲ, ಪಂಚಾಯಿತಿಯವರು ಜಿಲ್ಲೆಯತ್ತ, ಜಿಲ್ಲೆಯವರು ಬೆಂಗಳೂರಿನತ್ತ, ಉಳಿದವರು ದೆಹಲಿಯತ್ತ ಕೈತೋರಿಸುತ್ತಾರೆ, ಹಾಗಾದರೆ ದೇಶದ ಆರೋಗ್ಯ ವ್ಯವಸ್ಥೆ ಯಾರ ಕೈಯಲ್ಲಿದೆ ಎಂದು ಕೇಳಿದ್ದೀರಿ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಆರೋಗ್ಯ ಕಚೇರಿಯೊಂದರಲ್ಲಿ ಸಂಬಳದ ಬಿಲ್ಲು ಬರೆಯುತ್ತ ನಿವೃತ್ತನಾದವನು ನಾನು. ನೇಮಕ ಮಾಡುವವರು, ಹಣ ಕೊಡುವವರು ಮತ್ತು ಉಸ್ತುವಾರಿ ನೋಡುವವರು ಬೇರೆ ಬೇರೆಯಾಗಿರುವುದರಿಂದ, ಯಾವುದಕ್ಕೆ ಯಾರು ಎಂದು ಬಿಡಿಸಿಕೊಳ್ಳದೆ ಕೊಟ್ಟ ಅರ್ಜಿ ಮೇಜಿನಿಂದ ಮೇಜಿಗೆ ತಿರುಗುತ್ತಲೇ ಇರುತ್ತದೆ.

ಸಂವಿಧಾನದಲ್ಲಿ ಗೊಂದಲ ಕಡಿಮೆ. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ, 6ನೇ ನಮೂದಿನಡಿ, ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯಕ್ಕೆ ಸೇರಿವೆ. ಔಷಧ, ವೈದ್ಯ ವೃತ್ತಿ, ವೈದ್ಯಕೀಯ ಶಿಕ್ಷಣ, ರಾಜ್ಯದಿಂದ ರಾಜ್ಯಕ್ಕೆ ಹರಡುವ ಸೋಂಕುಗಳ ತಡೆ ಇವೆಲ್ಲ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. 1976ರ 42ನೇ ತಿದ್ದುಪಡಿಯಿಂದ ಕುಟುಂಬ ಯೋಜನೆಯೂ ಅಲ್ಲಿಗೆ ಬಂತು. ರಾಜ್ಯದ ಈ ಅಂಗಳಕ್ಕೆ ದೆಹಲಿ ಬಂದದ್ದು ಹಣದ ದಾರಿಯಲ್ಲಿ. 2005ರಲ್ಲಿ ಆರಂಭವಾಗಿ ಈಗ ರಾಷ್ಟ್ರೀಯ ಆರೋಗ್ಯ ಅಭಿಯಾನದ ಭಾಗವಾಗಿರುವ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ರಾಜ್ಯವು ಯೋಜನಾ ಪ್ರಸ್ತಾವ ಕಳಿಸಬೇಕು, ಕಚೇರಿಯಲ್ಲಿ ಅದಕ್ಕೆ ಪಿಐಪಿ ಎನ್ನುತ್ತಾರೆ. ದೆಹಲಿ ಒಪ್ಪಿದ ಬಾಬಿಗೆ ಮಾತ್ರ ಆ ಹಣ ಖರ್ಚಾಗಬೇಕು.

ಇದರ ಪರಿಣಾಮ ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದರೆ ಪಿಎಚ್‌ಸಿಯ, ಹಾಜರಿ ಪುಸ್ತಕದಲ್ಲೇ ಕಾಣುತ್ತದೆ. ಕಾಯಂ ವೈದ್ಯಾಧಿಕಾರಿಯ ಸಂಬಳ ಖಜಾನೆಯಿಂದ 2210 ಎಂಬ ಲೆಕ್ಕ ಶೀರ್ಷಿಕೆಯಲ್ಲಿ ಬರುತ್ತದೆ. ಪಕ್ಕದ ಕೋಣೆಯ ಗುತ್ತಿಗೆ ನರ್ಸ್ ಅಭಿಯಾನದವರು. ಅವರ ಕರಾರು ಜಿಲ್ಲೆಯಲ್ಲಿ ಅಭಿಯಾನವನ್ನು ನಡೆಸುವ ಜಿಲ್ಲಾ ಆರೋಗ್ಯ ಸಂಘದ ಮೂಲಕ ನವೀಕರಣವಾಗಬೇಕು, ಅನುದಾನ ಬಿಡುಗಡೆಯಾಗುವವರೆಗೆ ಸಂಬಳವೂ ಕಾಯಬೇಕು. ಆಶಾ ಕಾರ್ಯಕರ್ತೆಗೆ ಕೆಲಸವಾರು ಪ್ರೋತ್ಸಾಹಧನ ಅಭಿಯಾನದಿಂದ, ಮಾಸಿಕ ಗೌರವಧನ ರಾಜ್ಯದಿಂದ. ಮೂವರೂ ಒಂದೇ ರೋಗಿಯನ್ನು ನೋಡಿಕೊಳ್ಳುತ್ತಾರೆ, ಆದರೆ ಮೂವರ ಕಾಗದ ಹೋಗುವ ದಾರಿ ಒಂದೇ ಅಲ್ಲ. ತಿಂಗಳ ಮೊದಲ ವಾರ ಒಬ್ಬರ ಬಿಲ್ಲು ಪಾಸಾಗಿ ಇನ್ನೊಬ್ಬರದ್ದು ನಿಂತಾಗ ಕಚೇರಿಯ ಬಾಗಿಲಲ್ಲಿ ಉತ್ತರ ಹೇಳಬೇಕಾದವನು ಗುಮಾಸ್ತನೇ, ಬಿಡಿ.

ಇನ್ನು ಪಂಚಾಯಿತಿ. 73ನೇ ತಿದ್ದುಪಡಿಯೊಂದಿಗೆ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಆಸ್ಪತ್ರೆ, ಪಿಎಚ್‌ಸಿಗಳ ಹೆಸರು ಸ್ಪಷ್ಟವಾಗಿಯೇ ಇದೆ, ಮತ್ತು ನಮ್ಮಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಓ, ಜಿಲ್ಲಾ ಪಂಚಾಯಿತಿಯ ಸಿಇಓ ಅವರ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಾರೆ. ಆದರೆ ವೈದ್ಯರ ನೇಮಕ ಮತ್ತು ವರ್ಗಾವಣೆ ಬೆಂಗಳೂರಿನಲ್ಲಿ ನಡೆಯುತ್ತವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತೂ ವೈದ್ಯಕೀಯ ಶಿಕ್ಷಣ ಇಲಾಖೆಯ ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ್ದು, ಡಿಎಚ್‌ಓ ಅವರ ಆಡಳಿತಕ್ಕೆ ಒಳಪಟ್ಟಿಲ್ಲ. ಅಧಿಕಾರ ಹಂಚಿಹೋಗಿರುವುದನ್ನು ನಾನು ತಪ್ಪೆನ್ನುವುದಿಲ್ಲ; ಕೊರತೆಯನ್ನು ಕಣ್ಣಾರೆ ಕಾಣುವವರ ಕೈಯಲ್ಲಿ ಅದನ್ನು ತುಂಬುವ ಅಧಿಕಾರ ಇಲ್ಲದಿರುವುದೇ ತಪ್ಪು.

ಈ ಮಾತು ಅತಿಯೆನಿಸಿದರೆ ಮಂಗನ ಕಾಯಿಲೆಯನ್ನು ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಬೇಸಿಗೆಗೆ ಮುಂಚೆಯೇ ತಲೆಯೆತ್ತುತ್ತದೆ. ಅಡಿಕೆ ತೋಟದ ಅಂಚಿನಲ್ಲಿ ಮಂಗ ಸತ್ತು ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮರಣೋತ್ತರ ಪರೀಕ್ಷೆ ಪಶುವೈದ್ಯರದ್ದು. ದನಗಳ ಮೈಮೇಲಿನ ಉಣುಗಿನ ನಿಯಂತ್ರಣವೂ ಪಶುಸಂಗೋಪನಾ ಇಲಾಖೆಯದ್ದು. ಜ್ವರದವರ ರಕ್ತಪರೀಕ್ಷೆ, ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಹಂಚುವುದು ಆರೋಗ್ಯ ಇಲಾಖೆಯದ್ದು. ಹಳೆಯ ಲಸಿಕೆಯನ್ನು ತಯಾರಿಸುತ್ತಿದ್ದದ್ದು ರಾಜ್ಯದ್ದೇ ಸಂಸ್ಥೆ, ಅದು ಪರಿಣಾಮಕಾರಿಯಲ್ಲವೆಂದು ನೀಡುವುದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸದಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಇದೆ, ಅದಕ್ಕೆ ಪರವಾನಗಿ ಸಿಗಬೇಕಾದರೆ ಕೇಂದ್ರದ ಔಷಧ ನಿಯಂತ್ರಕರು ಒಪ್ಪಬೇಕು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ಸತ್ತಾಗ ಇಷ್ಟೂ ಕಡೆಯವರು ಒಟ್ಟಿಗೆ ಓಡಬೇಕಾಯಿತು. ರೋಗಕ್ಕೆ ಇಲಾಖೆಯ ಗಡಿ ಗೊತ್ತಿಲ್ಲ. ಹಾಗಾಗಿ ಇಂಥ ಕಡೆ ಎಲ್ಲರನ್ನೂ ಒಂದೇ ಸಭೆಗೆ ಕರೆಯಬಲ್ಲ ಜಿಲ್ಲಾಧಿಕಾರಿಯ ಪಾತ್ರ ಕಾಯ್ದೆಯ ಪುಸ್ತಕದಲ್ಲಿ ಕಾಣುವುದಕ್ಕಿಂತ ದೊಡ್ಡದು.

ನಿಮ್ಮೂರಿನ ವಿಷಯಕ್ಕೆ ಬಂದರೆ, ಯಾರಿಗೂ ದೂರು ಬರೆಯುವ ಮೊದಲು ಮಾಹಿತಿ ಹಕ್ಕಿನಡಿ ತಾಲ್ಲೂಕು ಆರೋಗ್ಯಾಧಿಕಾರಿಯವರಿಂದ ಒಂದು ಸಂಗತಿ ತಿಳಿದುಕೊಳ್ಳಿ: ವೈದ್ಯರ ಹುದ್ದೆ ನಿಜವಾಗಿ ಖಾಲಿಯಿದೆಯೇ, ಅಥವಾ ಹುದ್ದೆಯಲ್ಲಿರುವವರನ್ನು ನಿಯೋಜನೆಯ ಮೇಲೆ ಬೇರೆಡೆಗೆ ಕಳಿಸಲಾಗಿದೆಯೇ? ನಿಯೋಜನೆಯಾಗಿದ್ದರೆ ಡಿಎಚ್‌ಓ ಮತ್ತು ಸಿಇಓ ಇಬ್ಬರಿಗೂ ಬರೆಯಿರಿ. ಆದೇಶ ಜಿಲ್ಲೆಯದ್ದಾಗಿದ್ದರೆ ಅದನ್ನು ರದ್ದುಪಡಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹುದ್ದೆ ಖಾಲಿಯಿದ್ದರೆ ಆರೋಗ್ಯ ಆಯುಕ್ತರಿಗೆ ಬರೆಯಿರಿ, ಜೊತೆಗೆ ಗುತ್ತಿಗೆ ವೈದ್ಯರನ್ನಾದರೂ ಕೊಡಿ ಎಂದು ಜಿಲ್ಲಾ ಆರೋಗ್ಯ ಸಂಘವನ್ನು ಕೇಳಿ. ಎರಡಕ್ಕೂ ಗ್ರಾಮಸಭೆಯ ಠರಾವಿನ ಪ್ರತಿ ಲಗತ್ತಿಸಿ. ವೈದ್ಯರ ಕ್ವಾರ್ಟರ್ಸ್ ಮಳೆಗಾಲದಲ್ಲಿ ಸೋರುತ್ತಿದ್ದರೆ ಅದನ್ನು ಆಸ್ಪತ್ರೆಯ ನಿರ್ವಹಣೆ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಿ, ಏಕೆಂದರೆ ಮಲೆನಾಡಿಗೆ ಬಂದ ವೈದ್ಯರು ಮೊದಲ ಮಳೆಗಾಲ ಮುಗಿಯುವುದರೊಳಗೆ ವರ್ಗಾವಣೆ ಕೇಳುವುದಕ್ಕೆ ಎಷ್ಟೋ ಸಲ ಅದೇ ಕಾರಣವಾಗಿರುತ್ತದೆ.